ಗೇಮ್‌ಪ್ಯಾಡಿನ ಬೋರ್ಡು ಫೈಟ್ ಸ್ಟಿಕ್ಕಿನ ಹೊಟ್ಟೆಗೆ

ಹೊಡೆದಾಟದ ವಿಡಿಯೋ ಗೇಮ್ ಆಡೋಕೆ ಬಳಸುವ, ದೊಡ್ಡ ಕೋಲು-ಬಟನ್‌ಗಳ ಫೈಟ್ ಸ್ಟಿಕ್ಕಿನ ಡಬ್ಬಿ ಸಿದ್ಧವಾಗಿತ್ತು. ಮೇಲೆ ಸಾನ್ವಾ ಕಂಪನಿಯ ಜೆಎಲ್‌ಎಫ್ ಅನ್ನುವ ಜಾಯ್‌ಸ್ಟಿಕ್, ಪಕ್ಕದಲ್ಲಿ 30 ಮಿಲಿಮೀಟರ್‌ನ ಎಂಟು ಬಟನ್. ಒಳಗೆ ಮಾತ್ರ ಖಾಲಿ. ಎಲ್ಲವನ್ನೂ ಗೇಮ್ ಆಡಿಸುವ ಕನ್ಸೋಲ್ ಜೊತೆ ಮಾತಾಡಿಸುವ ಬೋರ್ಡು ಬೇಕಿತ್ತು. ನನ್ನ ಹತ್ತಿರ ಎಕ್ಸ್‌ಬಾಕ್ಸ್ ಕನ್ಸೋಲಿಗೆ ಹೊಂದುವ ಒಂದು ಹಳೇ ವೈರ್ಡ್ ಗೇಮ್‌ಪ್ಯಾಡ್ ಇತ್ತು. ಅದರ ಎಡ ಅನಲಾಗ್ (ಹೆಬ್ಬೆರಳಿನಿಂದ ತಿರುಗಿಸುವ ಪುಟ್ಟ ಕೋಲು) ಮುಟ್ಟದಿದ್ದರೂ ತನ್ನ ಪಾಡಿಗೆ ಒಂದು ಕಡೆ ವಾಲುತ್ತಿತ್ತು, ಹಾಗಾಗಿ ಕೈಯಲ್ಲಿ ಹಿಡಿದು ಆಡೋಕೆ ಅದು ಪ್ರಯೋಜನವಿರಲಿಲ್ಲ. ಬೋರ್ಡ್ ಮಾತ್ರ ಗಟ್ಟಿಯಾಗಿತ್ತು.

ಈಗಿನ ಕಾಲದಲ್ಲಿ ಇಷ್ಟೆಲ್ಲ ಕಷ್ಟ ಯಾಕೆ ಅಂತ ಕೇಳಬಹುದು. ರಾಸ್ಪ್‌ಬೆರಿ ಪೈ ಪೀಕೋ ಅನ್ನುವ ಪುಟ್ಟ ಬೋರ್ಡಿಗೆ ಜಿಪಿ2040-ಸಿಇ ಅನ್ನುವ ಫರ್ಮ್‌ವೇರ್ (ಬೋರ್ಡನ್ನು ನಡೆಸುವ ತಂತ್ರಾಂಶ) ಹಾಕಿದರೆ ಕಂಪ್ಯೂಟರಿನಲ್ಲಿ ಆಡೋಕೆ ಧಾರಾಳ ಸಾಕು, ನಿಜ. ಆದರೆ ಎಕ್ಸ್‌ಬಾಕ್ಸ್‌ನಂಥ ಕನ್ಸೋಲ್‌ಗಳು ಅಷ್ಟು ಸುಲಭಕ್ಕೆ ಯಾರನ್ನೂ ಒಳಗೆ ಬಿಡುವುದಿಲ್ಲ. ಚುಚ್ಚಿದ ಪ್ಯಾಡು ತಮ್ಮ ಕಡೆಯದ್ದೇ ಅಲ್ಲವೇ ಅಂತ ವಿಚಾರಿಸಿಕೊಳ್ಳುತ್ತವೆ. ಆ ಪ್ರಶ್ನೆಗೆ ಉತ್ತರ ಕೊಡುವ ಚಿಪ್ ಪ್ಯಾಡಿನ ಬೋರ್ಡಿನಲ್ಲೇ ಕೂತಿರುತ್ತದೆ. ಪ್ಯಾಡ್ ಹ್ಯಾಕ್ ಅಂದರೆ ಇಷ್ಟೇ: ಚಿಪ್ಪಿಗೆ ತಾನು ಇನ್ನೂ ಪ್ಯಾಡಿನೊಳಗೇ ಇದ್ದೀನಿ ಅನ್ನಿಸಬೇಕು, ಒತ್ತುವುದು ಮಾತ್ರ ಬೇರೆ ಬಟನ್.

ಸ್ಕ್ರೂ ಬಿಚ್ಚಿ, ರಬ್ಬರ್ ಹಾಳೆ ಎತ್ತಿದೆ. ಕೆಳಗೆ ಪ್ರತಿ ಬಟನ್ ಜಾಗದಲ್ಲೂ ಒಂದು ಕಪ್ಪು ವೃತ್ತ, ಅದರಲ್ಲಿ ಎರಡು ಬಾಚಣಿಗೆಯ ಹಲ್ಲುಗಳು ಒಂದರೊಳಗೊಂದು ತೂರಿದಂತೆ ಗೆರೆಗಳು, ನಡುವೆ ಕೂದಲೆಳೆಯಷ್ಟು ಜಾಗ. ರಬ್ಬರಿನ ಕೆಳಗಿರುವ ಕಾರ್ಬನ್ ಗುಂಡು ಬಂದು ಎರಡನ್ನೂ ಮುಟ್ಟಿದರೆ ಬಟನ್ ಒತ್ತಿದ ಹಾಗೆ. ಬೋರ್ಡಿನ ಮೇಲಿನ ಆ ಕಪ್ಪು ಬಳಿತವೂ ಕಾರ್ಬನ್ನೇ. ಅದಕ್ಕೆ ಬೆಸುಗೆ ಹಿಡಿಯುವುದೇ ಇಲ್ಲ.

ಬೆಸುಗೆಯ ಕಡ್ಡಿಯನ್ನು ನಾನು ಆಗಲೇ ಬಿಸಿಗಿಡಲಿಲ್ಲ. ನನ್ನ ಪ್ರಕಾರ ಈ ಕೆಲಸದ ಮುಕ್ಕಾಲು ಪಾಲು ನಡೆಯುವುದು ಮಲ್ಟಿಮೀಟರ್‌ನಲ್ಲಿ, ಅದರಲ್ಲೂ ಎರಡು ಜಾಗ ಒಂದಕ್ಕೊಂದು ಕೂಡಿದ್ದರೆ ಬೀಪ್ ಅನ್ನುವ ಅದರ ಮೋಡ್‌ನಲ್ಲಿ. ಯುಎಸ್‌ಬಿ ಕೇಬಲ್ ಎಲ್ಲಿಗೂ ಚುಚ್ಚದೆ ಬಿಟ್ಟು, ಮೀಟರಿನ ಒಂದು ಕಡ್ಡಿಯನ್ನು ಕೇಬಲ್ಲಿನ ಗ್ರೌಂಡ್ (ಸೊನ್ನೆ ವೋಲ್ಟಿನ ತಂತಿ) ಬೆಸುಗೆಗೆ ಒತ್ತಿ ಹಿಡಿದೆ. ಇನ್ನೊಂದನ್ನು ಎ ಬಟನ್ನಿನ ಒಂದು ಬದಿಗೆ ಇಟ್ಟರೆ ಸದ್ದಿಲ್ಲ, ಇನ್ನೊಂದು ಬದಿಗೆ ಇಟ್ಟೆ, ಬೀಪ್. ಬಿ, ಅದೂ ಬೀಪ್. ಎಕ್ಸ್, ವೈ, ಡಿ-ಪ್ಯಾಡಿನ ನಾಲ್ಕು ದಿಕ್ಕು, ಸ್ಟಾರ್ಟ್, ಪ್ಯಾಡಿನ ಮೇಲಂಚಿನ ಭುಜದ ಬಟನ್‌ಗಳ ಒಂದೊಂದು ಕಾಲು, ಎಲ್ಲ ಕಡೆಯೂ ಬೀಪ್. ಆ ಸದ್ದು ಎಷ್ಟು ಖುಷಿ ಕೊಟ್ಟಿತು ಅಂದರೆ ಗೊತ್ತಿರುವ ಜಾಗಗಳನ್ನೇ ಸುಮ್ನೆ ಮತ್ತೆ ಮುಟ್ಟಿ ನೋಡಿದೆ.

ಇದಕ್ಕೆ ಕಾಮನ್ ಗ್ರೌಂಡ್ ಅಂತಾರೆ. ಚಿಪ್ಪಿನ ಒಂದೊಂದು ಕಾಲೂ ಮಾಮೂಲಿಯಾಗಿ ಮೇಲಿನ ವೋಲ್ಟೇಜಿನಲ್ಲಿರುತ್ತದೆ, ಬಟನ್ ಒತ್ತಿದರೆ ಅದು ಗ್ರೌಂಡಿಗೆ ಇಳಿಯುತ್ತದೆ, ಇಳಿದಿದ್ದನ್ನು ಚಿಪ್ ನೋಡುತ್ತದೆ. ಎಲ್ಲ ಬಟನ್ನಿಗೂ ಗ್ರೌಂಡ್ ಒಂದೇ ಆಗಿರುವುದರಿಂದ ವೈರ್ ಅರ್ಧಕ್ಕರ್ಧ ಉಳಿಯುತ್ತದೆ. ಎಲ್ಲ ಪ್ಯಾಡೂ ಹೀಗಿರುವುದಿಲ್ಲ. ಕೆಲವು ಬೋರ್ಡುಗಳಲ್ಲಿ ಬಟನ್‌ಗಳು ಅಡ್ಡಸಾಲು-ಉದ್ದಸಾಲಿನ ಜಾಲರಿಯಲ್ಲಿ ಕಟ್ಟಿರುತ್ತವೆ, ಚಿಪ್ ಸಾಲು ಸಾಲಾಗಿ ವಿಚಾರಿಸಿಕೊಂಡು ಹೋಗುತ್ತದೆ. ಅಂಥದ್ದಕ್ಕೆ ಜೆಎಲ್‌ಎಫ್ ನೇರವಾಗಿ ಕೂರುವುದಿಲ್ಲ, ಯಾಕಂದ್ರೆ ಅದರಿಂದ ಹೊರಗೆ ಬರುವುದೇ ಐದು ವೈರ್: ನಾಲ್ಕು ದಿಕ್ಕಿಗೆ ನಾಲ್ಕು, ಎಲ್ಲಕ್ಕೂ ಸೇರಿ ಒಂದೇ ಗ್ರೌಂಡ್. ಹಾಗಾಗಿ ಪ್ಯಾಡ್ ಆರಿಸುವಾಗ ಬೇರೆ ಯಾವ ಗುಣಕ್ಕಿಂತ ಮೊದಲು ನೋಡಬೇಕಾದ್ದು ಇದನ್ನೇ.

ಬೆಸುಗೆಗೆ ಜಾಗ ಹುಡುಕುವುದು ಆಮೇಲಿನ ಆಟ. ತಯಾರಿಸುವಾಗ ಪರೀಕ್ಷೆ ಮಾಡೋಕೆ ಅಂತ ಬೋರ್ಡಿನ ಮೇಲೆ ಅಲ್ಲಲ್ಲಿ ಸಣ್ಣ ಬೆಳ್ಳಿ ಚುಕ್ಕೆಗಳನ್ನು ಬಿಟ್ಟಿರುತ್ತಾರೆ. ಅದೃಷ್ಟ ಚೆನ್ನಾಗಿದ್ದರೆ ಪಕ್ಕದಲ್ಲಿ ಹೆಸರೂ ಇರುತ್ತದೆ. ನನ್ನ ಬಟನ್‌ಗಳಲ್ಲಿ ಜಾಸ್ತಿ ಪಾಲಿಗೆ ಅಂಥ ಚುಕ್ಕೆ ಸಿಕ್ಕಿತು. ಸಿಗದ ಕಡೆ ಕಪ್ಪು ವೃತ್ತದಿಂದ ಹೊರಡುವ ಗೆರೆಯನ್ನೇ ಹಿಡಿದುಕೊಂಡು ಹೋಗಿ, ಬ್ಲೇಡಿನ ತುದಿಯಿಂದ ಮೇಲಿನ ಹಸಿರು ಪದರವನ್ನು ಮೆಲ್ಲಗೆ ಕೆರೆದೆ. ಇಲ್ಲಿ ಅವಸರ ಮಾಡಿದರೆ ಗೆರೆಯೇ ತುಂಡಾಗುತ್ತದೆ. ಕೆರೆಯುತ್ತಾ ಕೆರೆಯುತ್ತಾ ಹಸಿರು ಮಾಸಿ, ಆಮೇಲೆ ತಟಕ್ಕನೆ ತಾಮ್ರದ ಹೊಳಪು ಕಾಣುತ್ತದೆ, ಅಲ್ಲಿಗೆ ನಿಲ್ಲಿಸಬೇಕು. ಬೆಸುಗೆ ಹಿಡಿಯೋಕೆ ನೆರವಾಗುವ ಫ್ಲಕ್ಸ್ ಒಂದು ಹನಿ, ಕಡ್ಡಿಯ ತುದಿಯಲ್ಲಿ ಚೂರೇ ಚೂರು ಬೆಸುಗೆ, ಮುಟ್ಟಿ ತೆಗೆದರೆ ತಾಮ್ರದ ಮೇಲೆ ಒಂದು ಬೆಳ್ಳಿ ಗುಳ್ಳೆ ನಿಲ್ಲುತ್ತದೆ. ಮೊದಲೇ ಬೆಸುಗೆ ಸವರಿಟ್ಟುಕೊಂಡ ವೈರನ್ನು ಅದಕ್ಕೆ ಒತ್ತಿ ಬಿಸಿ ಮಾಡಿದರೆ ಎರಡೂ ಕರಗಿ ಒಂದಾಗುತ್ತವೆ. ಪ್ರತಿ ವೈರಿನ ಮೇಲೂ ಬಿಸಿ ಅಂಟು ಸುರಿದೆ. ನೋಡೋಕೆ ಗಲೀಜು, ಅದು ನಿಜ. ಆದರೆ ಯಾರಾದರೂ ವೈರ್ ಜಗ್ಗಿದರೆ ಆ ಎಳೆತ ಅಂಟಿನ ಮೇಲೆ ಬೀಳಬೇಕು, ಗೆರೆಯ ಮೇಲಲ್ಲ.

ಪ್ಯಾಡಿನ ಹಿಂದೆ ತೋರುಬೆರಳಿಗೆ ಸಿಗುವ ಟ್ರಿಗರ್‌ಗಳ ಹತ್ತಿರ ಬಂದಾಗ ಮೀಟರ್ ಬೇರೆಯೇ ಕಥೆ ಹೇಳಿತು. ಅವು ಬಟನ್‌ಗಳೇ ಅಲ್ಲ, ಎಷ್ಟು ಒತ್ತಿದ್ದೀರಿ ಅಂತ ಅಳೆಯುವ ಮೂರು ಕಾಲಿನ ಪೊಟೆನ್ಷಿಯೋಮೀಟರ್. ಇವನ್ನು ಬಿಟ್ಟುಬಿಡೋಣ ಅಂದರೆ ಆಗುವುದಿಲ್ಲ, ಸ್ಟ್ರೀಟ್ ಫೈಟರ್ ಆಟದ ಆರು ಬಟನ್ ಜೋಡಣೆಯಲ್ಲಿ ಜೋರಿನ ಒದೆ ಬಲ ಟ್ರಿಗರ್‌ಗೇ ಬರುತ್ತದಲ್ಲ. ಪ್ಯಾಡನ್ನು ಕಂಪ್ಯೂಟರಿಗೆ ಚುಚ್ಚಿ ವೋಲ್ಟೇಜ್ ನೋಡಿದೆ. ಒಂದು ತುದಿಯ ಕಾಲು ಸೊನ್ನೆ, ಇನ್ನೊಂದು 3.3 ವೋಲ್ಟಿನ ಹತ್ತಿರ. ನಡುವಿನದು ಸುಮ್ಮನಿದ್ದಾಗ ಮೇಲಿರುತ್ತದೆ, ಒತ್ತಿದರೆ ಕೆಳಗಿಳಿಯುತ್ತದೆ. ನನಗೆ ಬೇಕಿದ್ದುದೂ ಇದೇ. ಪೊಟೆನ್ಷಿಯೋಮೀಟರ್ ಕಿತ್ತು, ನಡುವಿನ ಜಾಗಕ್ಕೂ 3.3 ವೋಲ್ಟಿನ ಜಾಗಕ್ಕೂ ಮಧ್ಯೆ 10 ಕಿಲೋ ಓಮ್ ರೆಸಿಸ್ಟರ್ ಹಾಕಿದೆ. ಬಟನ್ನಿನ ವೈರು ನಡುವಿನ ಜಾಗಕ್ಕೆ. ಒತ್ತಿದಾಗ ಅದು ಗ್ರೌಂಡಿಗೆ ಬೀಳುತ್ತದೆ, ಟ್ರಿಗರನ್ನು ಪೂರ್ತಿ ಅದುಮಿದ್ದಾರೆ ಅಂತ ಚಿಪ್ ತಿಳಿದುಕೊಳ್ಳುತ್ತದೆ. ಕೆಲವು ಪ್ಯಾಡುಗಳಲ್ಲಿ ಇದು ಉಲ್ಟಾ ಇರುತ್ತದೆ. ಆಗ ರೆಸಿಸ್ಟರ್ ಗ್ರೌಂಡಿನ ಕಡೆಗೆ ಹೋಗಬೇಕು, ಆ ಬಟನ್ನಿನ ಇನ್ನೊಂದು ಕಾಲಿಗೆ 3.3 ವೋಲ್ಟಿನ ವೈರ್ ಬೇರೆಯಾಗಿ ಎಳೆಯಬೇಕು, ಅದನ್ನು ಮಾತ್ರ ಗ್ರೌಂಡ್ ಸಾಲಿಗೆ ಸೇರಿಸಬಾರದು.

ವಾಲುತ್ತಿದ್ದ ಅನಲಾಗಿಗೂ ಇದೇ ಜಾತಿಯ ಮದ್ದು. ಅದನ್ನು ಹಾಗೇ ಬಿಟ್ಟರೆ ಡಬ್ಬಿಯೊಳಗೆ ಕೂತುಕೊಂಡೇ ಮೆನುಗಳನ್ನು ಓಡಿಸುತ್ತಿರುತ್ತದೆ. ಹದಿನಾಲ್ಕು ಕಾಲಿನ ಆ ಭಾಗವನ್ನು ಇಡಿಯಾಗಿ ಬಿಡಿಸುವ ಹಟ ಬೇಡ. ಕಟರ್‌ನಿಂದ ಮೇಲ್ಭಾಗ ತುಂಡು ಮಾಡಿ, ಉಳಿದ ಕಾಲುಗಳನ್ನು ಒಂದೊಂದಾಗಿ ಬಿಸಿ ಮಾಡಿ ಎಳೆಯುವುದೇ ಸುಲಭ. ಆಮೇಲೆ ಎರಡು ಅಕ್ಷಕ್ಕೂ ಎರಡೆರಡು ಸಮ ರೆಸಿಸ್ಟರ್, ಒಂದು ಮೇಲಿನ ವೋಲ್ಟೇಜಿಗೆ, ಇನ್ನೊಂದು ಗ್ರೌಂಡಿಗೆ, ಎರಡೂ ಸೇರುವ ಕಡೆ ನಡುವಿನ ಕಾಲು. ಅರ್ಧ ವೋಲ್ಟೇಜ್ ಅಲ್ಲಿ ಅಲ್ಲಾಡದೆ ನಿಲ್ಲುತ್ತದೆ, ಸ್ಟಿಕ್ಕು ಸದಾ ಮಧ್ಯದಲ್ಲೇ ಇದೆ ಅಂತ ಚಿಪ್ಪಿಗೆ ಅನ್ನಿಸುತ್ತದೆ. ಬಲಗಡೆಯ ಅನಲಾಗ್ ಸರಿಯಾಗಿಯೇ ಇತ್ತು, ಅದರ ಟೋಪಿ ಮಾತ್ರ ತೆಗೆದು ಸುಮ್ಮನಾದೆ.

ಆಮೇಲಿನದು ಬೇಗ ಮುಗಿಯಿತು. ಬೋರ್ಡಿನ ವೈರ್‌ಗಳನ್ನೆಲ್ಲ ಸ್ಕ್ರೂ ಟರ್ಮಿನಲ್ ಪಟ್ಟಿಗೆ ತಂದೆ, ಅಲ್ಲಿಂದ ಬಟನ್‌ಗಳಿಗೆ 2.8 ಮಿಲಿಮೀಟರ್‌ನ ಕನೆಕ್ಟರ್. ನೇರವಾಗಿ ಬಟನ್ನಿಗೇ ಬೆಸೆದರೆ ನಾಳೆ ಬಟನ್ ಬದಲಿಸುವಾಗ ಮತ್ತೆ ಕಡ್ಡಿ ಬಿಸಿ ಮಾಡಬೇಕು, ಆ ತಾಪತ್ರಯ ಬೇಡ ಅಂತ. ಗ್ರೌಂಡ್ ಒಂದೇ ವೈರ್, ಬಟನ್ನಿಂದ ಬಟನ್ನಿಗೆ ಹಾರುತ್ತಾ ಹೋಗುತ್ತದೆ. ಬಟನ್ನಿನ ಎರಡು ಕಾಲಿನಲ್ಲಿ ಯಾವುದಕ್ಕೆ ಯಾವುದು ಹಾಕಿದರೂ ನಡೆಯುತ್ತದೆ, ಅದು ಬರೀ ಸ್ವಿಚ್ ಅಲ್ವಾ.

ಜಾಯ್‌ಸ್ಟಿಕ್ ಮಾತ್ರ ತಮಾಷೆಯದು. ಕೋಲನ್ನು ಬಲಕ್ಕೆ ತಳ್ಳಿದರೆ ಒತ್ತಿಕೊಳ್ಳುವುದು ಎಡಗಡೆಯ ಸ್ವಿಚ್, ಯಾಕಂದ್ರೆ ತಿರುಗುವ ಬಿಂದು ನಡುವಿನಲ್ಲಿದೆ, ಮೇಲಿನ ತುದಿ ಅತ್ತ ಹೋದರೆ ಕೆಳಗಿನ ತುದಿ ಇತ್ತ ಬರುತ್ತದೆ. ಅದರ ಜೊತೆಗೆ ವೈರ್ ಹಾಕುವಾಗ ಡಬ್ಬಿಯನ್ನು ಮಗುಚಿಕೊಂಡಿರುತ್ತೇವೆ, ಎಡ-ಬಲ ಇನ್ನೊಂದು ಸಲ ಅದಲುಬದಲು. ತಲೆಯಲ್ಲಿ ಲೆಕ್ಕ ಹಾಕುವ ಗೋಜಿಗೆ ಹೋಗದೆ ಕೋಲನ್ನು ಒಂದೊಂದು ದಿಕ್ಕಿಗೆ ಹಿಡಿದು, ಯಾವ ವೈರ್ ಬೀಪ್ ಅನ್ನುತ್ತದೆ ನೋಡಿ, ಅದಕ್ಕೆ ಚೀಟಿ ಅಂಟಿಸಿದೆ.

ಮುಚ್ಚಳ ಹಾಕುವ ಮೊದಲು ವಿಂಡೋಸ್‌ನ ಗೇಮ್ ಕಂಟ್ರೋಲರ್ ಪರೀಕ್ಷೆ ತೆರೆದೆ. ಒತ್ತಿದ ಪ್ರತಿ ಬಟನ್ನಿಗೂ ಪರದೆಯ ಮೇಲೆ ಒಂದೊಂದು ಕೆಂಪು ದೀಪ ಹತ್ತಿತು, ಅನಲಾಗಿನ ಗುರುತು ನಡುವಿನಿಂದ ಕದಲಲಿಲ್ಲ. ಟ್ರಿಗರ್ ಅರ್ಧಕ್ಕೆ ನಿಲ್ಲುವುದಿಲ್ಲ, ಇದ್ದರೆ ಸೊನ್ನೆ, ಇಲ್ಲದಿದ್ದರೆ ಪೂರ್ತಿ.

ನಡುವಿನ ಗೈಡ್ ಬಟನ್ನಿಗೆ ಮಾತ್ರ ಇನ್ನೂ ಜಾಗ ಕೊಟ್ಟಿಲ್ಲ. ವೈರ್ ಎಳೆದಿಟ್ಟಿದ್ದೇನೆ. ಮೇಲುಗಡೆ ಇಟ್ಟರೆ ಆಟದ ಭರದಲ್ಲಿ ಕೈ ತಾಗಿ ಮೆನು ತೆರೆದುಕೊಳ್ಳುತ್ತದೆ, ಎದುರಾಳಿ ಅದನ್ನು ಬೇಕಂತಲೇ ಮಾಡಿದ್ದು ಅಂತಾನೆ. ಡಬ್ಬಿಯ ಹಿಂಬದಿಯಲ್ಲಿ ಕೇಬಲ್ ಹೊರಡುವ ಕಡೆ 24 ಮಿಲಿಮೀಟರ್‌ನ ತೂತು ಕೊರೆದು ಅಲ್ಲಿ ಕೂರಿಸುವುದೇ ಸರಿ, ಸ್ಟಾರ್ಟ್ ಬಟನ್ನನ್ನೂ ಅದರ ಪಕ್ಕಕ್ಕೇ ಸಾಗಿಸಬೇಕು.