63 ಉಲ್ಲೇಖಗಳು, 15 ದಿನ

ಮೊದಲ ದಿನ, ಗದಗ

ಲಕ್ಕುಂಡಿ, ಸೂಡಿ ಸುತ್ತಲಿನ ಶಾಸನಗಳಲ್ಲಿ ಬರುವ ಕೆರೆ ದತ್ತಿಗಳನ್ನು ಕುರಿತ ನನ್ನ ಲೇಖನ ಪತ್ರಿಕೆಯಿಂದ ತಿದ್ದುಪಡಿಗೆ ಮರಳಿ ಬಂದಿದೆ. ವಿಷಯದ ಬಗ್ಗೆ ಕೇಳಿದ್ದು ಎರಡೇ ಪ್ರಶ್ನೆ. ಉಳಿದ ಒಂದೂವರೆ ಪುಟ ಪೂರ್ತಿ ಉಲ್ಲೇಖಗಳದ್ದು: ಅಡಿಟಿಪ್ಪಣಿ ತೆಗೆದು ಲೇಖಕ-ವರ್ಷ ಪದ್ಧತಿಗೆ ತರಬೇಕು, ಎಪಿಎ (ಅಮೆರಿಕನ್ ಸೈಕಲಾಜಿಕಲ್ ಅಸೋಸಿಯೇಷನ್) ಕೈಪಿಡಿಯ 7ನೆಯ ಆವೃತ್ತಿಯನ್ನು ಪಾಲಿಸಬೇಕು, ಆದರೆ ಪ್ರಕಾಶನದ ಊರನ್ನು ಬಿಡಬಾರದು, ಕನ್ನಡ ಕೃತಿಗಳ ಪಟ್ಟಿ ಮೊದಲು, ಇಂಗ್ಲಿಷಿನದು ಆಮೇಲೆ. ಆ 7ನೆಯ ಆವೃತ್ತಿ ಊರಿನ ಹೆಸರನ್ನು ಕೈಬಿಟ್ಟಿದೆ. ಪತ್ರಿಕೆ ಅದನ್ನು ಉಳಿಸಿಕೊಂಡದ್ದು ನನಗೆ ಸರಿ ಎನಿಸುತ್ತದೆ. ನಮ್ಮ ಹಳೆಯ ಪ್ರಕಾಶನಗಳಲ್ಲಿ ಎಷ್ಟೋ ಮುಚ್ಚಿಹೋಗಿವೆ. ಊರೂ ಗೊತ್ತಿಲ್ಲದಿದ್ದರೆ ಓದುಗ ಎಲ್ಲಿ ಹುಡುಕಬೇಕು?

ಒಟ್ಟು 63 ನಮೂದು: ಕನ್ನಡದವು 41, ಇಂಗ್ಲಿಷಿನವು 22. ಗಡುವು 15 ದಿನ. ಕಾಲೇಜು ಮುಗಿಸಿ ಬಂದಮೇಲೆ ದಿನಕ್ಕೆ ಎರಡು ತಾಸು ಸಿಗುತ್ತದೆ.

ಎರಡನೆಯ ದಿನ

ಅಡಿಟಿಪ್ಪಣಿಗಳನ್ನು ಬಿಚ್ಚುತ್ತ ಕುಳಿತೆ. ಅವುಗಳಲ್ಲಿ ಕೃತಿಯ ಹೆಸರಿನ ಬದಲು ‘ಅದೇ’ (ಹಿಂದಿನ ಟಿಪ್ಪಣಿಯದೇ ಕೃತಿ) ಮತ್ತು ‘ಪೂರ್ವೋಕ್ತ’ (ಮೊದಲೇ ಹೇಳಿದ ಕೃತಿ) ಎಂದಿರುವುದು 31 ಕಡೆ. ಬರೆದಾಗ ಎಲ್ಲವೂ ಸರಿಯಾಗಿಯೇ ಇತ್ತು. ಆಮೇಲೆ ಎರಡು ಪ್ಯಾರಾ ಹಿಂದುಮುಂದಾದವು, ಒಂದು ಹೊಸದಾಗಿ ಸೇರಿತು. ಈಗ 18ನೆಯ ಟಿಪ್ಪಣಿಯಲ್ಲಿ ‘ಅದೇ, ಪು. 212’ ಎಂದಿದೆ, ಅದರ ಹಿಂದಿನ ಟಿಪ್ಪಣಿಯ ಪುಸ್ತಕದಲ್ಲಿ ಇರುವುದೇ 140 ಪುಟ. ಆ ‘ಅದೇ’ ಯಾವುದೆಂದು ಹಿಡಿಯಲು ಕಳೆದ ವರ್ಷದ ಕರಡನ್ನು ತೆರೆಯಬೇಕಾಯಿತು. ಲೇಖಕ-ವರ್ಷ ಪದ್ಧತಿಯಲ್ಲಿ ಪ್ಯಾರಾ ಎಲ್ಲಿಗೆ ಹೋದರೂ ಆವರಣದೊಳಗಿನ ಹೆಸರು, ವರ್ಷ, ಪುಟ ಅದರ ಜೊತೆಗೇ ಹೋಗುತ್ತವೆ. ಇಷ್ಟು ವರ್ಷ ಅಡಿಟಿಪ್ಪಣಿಯನ್ನೇ ಮೆಚ್ಚಿಕೊಂಡಿದ್ದ ನಾನು ಇಂದು ಮನಸ್ಸು ಬದಲಿಸಿದೆ.

ನಾಲ್ಕನೆಯ ದಿನ

ನಮೂದುಗಳನ್ನು ಜೊಟೆರೊಗೆ, ಅಂದರೆ ಉಲ್ಲೇಖಗಳನ್ನು ಜೋಡಿಸಿಡುವ ತಂತ್ರಾಂಶಕ್ಕೆ, ಹಾಕಲು ಶುರು ಮಾಡಿದೆ. ಪಿಎಚ್.ಡಿ. ಕಾಲದ ಗ್ರಂಥಋಣ ಹಳೆಯ ‘ನುಡಿ’ ತಂತ್ರಾಂಶದಲ್ಲಿದೆ. ನಕಲು ಮಾಡಿ ಅಂಟಿಸಿದರೆ ರೋಮನ್ ಅಕ್ಷರಗಳ ರಾಶಿ ಬಂದು ಬೀಳುತ್ತದೆ. ‘ನ’ ಇದ್ದಲ್ಲೆಲ್ಲ ಪೌಂಡ್ ನಾಣ್ಯದ ಗುರುತು. ಆ ಕಡತದೊಳಗೆ ಇರುವುದು ರೋಮನ್ ಸಂಕೇತಗಳು, ಅವುಗಳಿಗೆ ಕನ್ನಡದ ರೂಪ ಕೊಡುವುದು ಫಾಂಟ್. ಪರಿವರ್ತಕದಿಂದ ಯೂನಿಕೋಡ್‌ಗೆ ತಂದೆ. ಬಹುಪಾಲು ಸರಿಹೋಯಿತು, ಅರ್ಕಾವತ್ತು ಮಾತ್ರ ಕೆಲವೆಡೆ ಜಾಗ ತಪ್ಪಿತು. ‘ಕರ್ನಾಟಕ’ ಹೋಗಿ ‘ಕನಾರ್ಟಕ’ ಆಗಿದೆ. ಮೇಲಿಂದ ಮೇಲೆ ಕಣ್ಣಾಡಿಸಿದರೆ ಇದು ಕಾಣುವುದಿಲ್ಲ. ಪ್ರತಿ ಶೀರ್ಷಿಕೆಯನ್ನೂ ಗಟ್ಟಿಯಾಗಿ ಓದಿದೆ, ಒಂಬತ್ತು ತಪ್ಪು ಸಿಕ್ಕವು.

ಆರನೆಯ ದಿನ

ಇಂದು ಹೆಸರುಗಳು. ನಮ್ಮ ಕಡೆಯವರದು ಸುಲಭ. ಪಿ. ಬಿ. ದೇಸಾಯಿ, ಎಂ. ಎಂ. ಕಲಬುರ್ಗಿ: ಮನೆತನದ ಹೆಸರು ಕೊನೆಗಿದೆ, ಅದನ್ನು ಮುಂದೆ ತಂದರೆ ಮುಗಿಯಿತು. ಹಳೆಯ ಮೈಸೂರಿನ ಕಡೆಗೆ ಹೋದರೆ ಲೆಕ್ಕ ಬೇರೆ. ಡಿ. ಎಲ್. ನರಸಿಂಹಾಚಾರ್ ಅವರ ‘ಡಿ’ ದೊಡ್ಡಬೆಲೆ ಎಂಬ ಊರು. ಕೊನೆಗಿರುವುದು ಅವರದೇ ಹೆಸರು. ಎಂ. ಚಿದಾನಂದಮೂರ್ತಿಯವರು ನನ್ನ ಪಟ್ಟಿಯಲ್ಲಿ ಎರಡು ಕಡೆ ಕುಳಿತಿದ್ದರು: ನಾನು ಬರೆದದ್ದು ‘ಚಿ’ಯಲ್ಲಿ, ಇಂಗ್ಲಿಷ್ ಸೂಚಿಯಿಂದ ಇಳಿಸಿಕೊಂಡದ್ದು ‘ಮೂರ್ತಿ’ ಎಂದು ತುಂಡಾಗಿ. ಜೊಟೆರೊದಲ್ಲಿ ಹೆಸರಿನ ಎರಡು ಚೌಕಗಳನ್ನು ಒಂದಾಗಿಸುವ ಗುಂಡಿ ಇದೆ. ಸಂಸ್ಥೆಗಳ ಹೆಸರಿಗೆ ಅದನ್ನೇ ಬಳಸಿದೆ, ವ್ಯಕ್ತಿಗಳ ಹೆಸರನ್ನು ಒಂದೊಂದಾಗಿ ಕೈಯಿಂದ ಸರಿಪಡಿಸಿದೆ.

ಇನ್ನೊಂದು ತೊಡಕು ‘ಸಂ.’ ಎಂಬ ಒಂದೇ ಅಕ್ಷರದ್ದು. ಸಂಪಾದಕರಿಗೂ ಅದೇ, ಸಂಪುಟಕ್ಕೂ ಅದೇ, ಸಂಚಿಕೆಗೂ ಅದೇ, ಶಾಸನದ ಸಂಖ್ಯೆಗೂ ಅದೇ. ನನ್ನದೇ ಒಂದು ನಮೂದಿನಲ್ಲಿ ‘ಸಂ. 4, ಸಂ. 2’ ಎಂದಿತ್ತು. ಇನ್ನು ಮುಂದೆ ಸಂಪಾ., ಸಂಪು., ಸಂಚಿ. ಎಂದು ಬರೆಯುತ್ತೇನೆ, ಸಂಖ್ಯೆಯನ್ನು ಪೂರ್ತಿ ಬರೆಯುತ್ತೇನೆ. ಪತ್ರಿಕೆಯವರಿಗೂ ಇದನ್ನು ತಿಳಿಸಿದ್ದೇನೆ, ಒಪ್ಪಿದ್ದಾರೆ.

ಒಂಬತ್ತನೆಯ ದಿನ, ಧಾರವಾಡ

ಶನಿವಾರ. ಬೆಳಗಿನ ರೈಲು ಹಿಡಿದು ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಬಂದೆ. ‘ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್’ ಮಾಲೆಯ 11ನೆಯ ಸಂಪುಟ, ಅಂದರೆ ಬಾಂಬೆ-ಕರ್ನಾಟಕದ ಶಾಸನಗಳು, ಬೇಕು ಎಂದೆ. “ಯಾವ ಭಾಗ ಮೇಡಂ? ಎರಡಿವೆ” ಎಂದರು ಅಲ್ಲಿದ್ದವರು. ನನ್ನ ಪಟ್ಟಿಯಲ್ಲಿ ಭಾಗದ ಮಾತೇ ಇರಲಿಲ್ಲ. ಎರಡನ್ನೂ ತರಿಸಿಕೊಂಡೆ.

ಒಂದು ಪುಟದಲ್ಲಿ ಬೆರಳಿಟ್ಟು ನೋಡಿದೆ. ಅಲ್ಲಿ ಮೂರು ಸಂಖ್ಯೆಗಳಿವೆ. ಪುಟದ ಸಂಖ್ಯೆ ಒಂದು. ಶಾಸನದ ತಲೆಯ ಮೇಲೆ ಸಂಪುಟದೊಳಗಿನ ಕ್ರಮಸಂಖ್ಯೆ. ಅದರ ಕೆಳಗೆ ಬಿ.ಕೆ. (ಬಾಂಬೆ-ಕರ್ನಾಟಕ) ಎಂಬ ಗುರುತಿನೊಂದಿಗೆ, 1926-27ರಂಥ ವರ್ಷದ ಜೊತೆ, ಕಲ್ಲಿನಿಂದ ಪ್ರತಿ ತೆಗೆದ ಕಾಲದ ಸಂಖ್ಯೆ. ನಾನು ‘ಪು.’ ಎಂದು ಬರೆದುಕೊಂಡಿದ್ದ ನಾಲ್ಕು ಅಂಕಿಗಳಲ್ಲಿ ಮೂರು ಕ್ರಮಸಂಖ್ಯೆ, ಒಂದು ಬಿ.ಕೆ. ಸಂಖ್ಯೆ. ಇದು ಹೇಗಾಯಿತು ಎಂದು ಯೋಚಿಸಿದರೆ ಉತ್ತರ ಗೊತ್ತಿದ್ದದ್ದೇ: ಆ ನಾಲ್ಕನ್ನೂ ನಾನು ಸಂಪುಟದಿಂದ ತೆಗೆದುಕೊಂಡಿರಲಿಲ್ಲ, ಬೇರೊಬ್ಬರ ಲೇಖನದಿಂದ ತೆಗೆದುಕೊಂಡಿದ್ದೆ. ಅವರು ಬರಿಯ ಅಂಕಿ ಕೊಟ್ಟಿದ್ದರು, ‘ಪು.’ ಸೇರಿಸಿದವಳು ನಾನು. ನನ್ನನ್ನು ನಂಬಿ ಇನ್ನೊಬ್ಬ ವಿದ್ಯಾರ್ಥಿ ಆ ಪುಟ ತೆರೆದಿದ್ದರೆ ಅಲ್ಲಿ ಬೇರೆ ಊರಿನ ಕಲ್ಲು ಸಿಗುತ್ತಿತ್ತು. ಮಧ್ಯಾಹ್ನ ಊಟಕ್ಕೆ ಏಳಲು ಮನಸ್ಸಾಗಲಿಲ್ಲ. ಸಂಜೆಯವರೆಗೆ ಕುಳಿತು, ಲೇಖನದಲ್ಲಿರುವ ಎಲ್ಲ ಶಾಸನಗಳನ್ನೂ ಮೂಲದಲ್ಲಿ ನೋಡಿದೆ. ಭಾಗ, ಕ್ರಮಸಂಖ್ಯೆ, ಪುಟ, ಸಾಲು, ನಾಲ್ಕನ್ನೂ ಬರೆದುಕೊಂಡೆ. ಮೂಲ ಸಿಗದ ಎರಡು ಕೃತಿಗಳಿಗೆ, ಯಾರ ಮೂಲಕ ತಿಳಿಯಿತೋ ಅವರ ಹೆಸರು ಹೇಳಿ ‘ಉಲ್ಲೇಖಿಸಿದಂತೆ’ ಎಂದೇ ಹಾಕುತ್ತೇನೆ.

ಹನ್ನೊಂದನೆಯ ದಿನ

ಊರುಗಳ ಕೆಲಸ. ಹಳೆಯ ಸಂಪುಟಗಳಲ್ಲಿ ಲಕ್ಕುಂಡಿ ಇರುವುದು ಧಾರವಾಡ ಜಿಲ್ಲೆಯಲ್ಲಿ. ಗದಗ, ಹಾವೇರಿ ಬೇರೆ ಜಿಲ್ಲೆಗಳಾದದ್ದು 1997ರಲ್ಲಿ. ಉಲ್ಲೇಖದಲ್ಲಿ ಅಚ್ಚಾದದ್ದನ್ನೇ ಉಳಿಸಿದೆ, ಇಂದಿನ ಜಿಲ್ಲೆಯನ್ನು ಲೇಖನದ ಒಳಗೆ ಹೇಳಿದೆ. ಇಂಗ್ಲಿಷ್ ಪುಸ್ತಕಗಳ ಮುಖಪುಟದಲ್ಲಿ ‘ಧಾರವಾರ್’, ‘ಹುಬ್ಲಿ’ ಎಂದಿದ್ದರೆ ಹಾಗೆಯೇ ಇರಲಿ. ಹುಬ್ಬಳ್ಳಿಯ ಇಂಗ್ಲಿಷ್ ಕಾಗುಣಿತ ಬದಲಾದದ್ದು 2014ರಲ್ಲಿ, ಅದನ್ನು ಐವತ್ತು ವರ್ಷದ ಹಿಂದಿನ ಪುಸ್ತಕಕ್ಕೆ ಹಚ್ಚಿದರೆ ಸೂಚಿಯಲ್ಲಿ ಹುಡುಕುವವರಿಗೆ ಸಿಗುವುದಿಲ್ಲ. ಸೂಡಿಯ ಶಾಸನಗಳನ್ನು ವಿದ್ವಾಂಸ ಎಲ್. ಡಿ. ಬಾರ್ನೆಟ್ ಪ್ರಕಟಿಸಿದ ‘ಎಪಿಗ್ರಾಫಿಯಾ ಇಂಡಿಕಾ’ 15ನೆಯ ಸಂಪುಟಕ್ಕೆ 1919-20 ಎಂಬ ಜೋಡಿ ವರ್ಷವನ್ನೇ ಕೊಟ್ಟೆ.

ಹದಿನಾಲ್ಕನೆಯ ದಿನ

ಒಂದು ಪ್ರತಿ ತೆಗೆದಿಟ್ಟು, ಲೇಖನದ ಕಡತಕ್ಕೂ ಜೊಟೆರೊಗೂ ಇದ್ದ ಕೊಂಡಿಯನ್ನು ಕಳಚಿದೆ. ಕಳಚುವ ಮೊದಲು ಕೈಯಿಂದ ತಿದ್ದಿದರೆ ಮುಂದಿನ ಸಲ ಪಟ್ಟಿ ಹೊಸದಾಗುವಾಗ ತಿದ್ದಿದ್ದೆಲ್ಲ ಅಳಿಸಿಹೋಗುತ್ತದೆ. ‘ಎಟ್ ಆಲ್’ ಇದ್ದಲ್ಲಿ ‘ಮತ್ತು ಇತರರು’ ಹಾಕಿದೆ, ಕನ್ನಡ ಪಟ್ಟಿಯನ್ನು ಮೇಲಕ್ಕೆ ತಂದೆ, ಎರಡನೆಯ ಸಾಲಿನಿಂದ ಅರ್ಧ ಇಂಚು ಒಳಗೆ ಸರಿಸಿದೆ.

ಉಳಿದದ್ದು ಒಂದೇ ನಮೂದು, ವರ್ಷವಿಲ್ಲದ ಚಿಕ್ಕ ಪುಸ್ತಕ. ಮುನ್ನುಡಿಯ ಕೊನೆಗೆ ‘ವಿಕಾರಿ ಸಂವತ್ಸರ, ಯುಗಾದಿ’ ಎಂದಷ್ಟೇ ಇದೆ. ವಿಕಾರಿ 1899ರಲ್ಲೂ ಬಂದಿದೆ, 1959ರಲ್ಲೂ ಬಂದಿದೆ, 2019ರಲ್ಲೂ ಬಂದಿದೆ. ಹಿಂಬದಿಯ ರಟ್ಟಿನ ಮೂಲೆಯಲ್ಲಿ, ಬೆಲೆ 75 ನಯೇ ಪೈಸೆ. ನಯೇ ಪೈಸೆ ಚಲಾವಣೆಗೆ ಬಂದದ್ದು 1957ರಲ್ಲಿ, ಆ ‘ನಯೇ’ ಬಿಟ್ಟುಹೋದದ್ದು 1964ರಲ್ಲಿ. ಪುಸ್ತಕದಲ್ಲಿ ಅಚ್ಚಾಗದೆ ನಾವೇ ಕಂಡುಕೊಂಡ ವರ್ಷವಾದ್ದರಿಂದ ಚೌಕಾವರಣದೊಳಗೆ [1959] ಎಂದು ಬರೆದೆ. ರಾತ್ರಿ ಹತ್ತೂವರೆಗೆ ಕಡತ ಕಳಿಸಿದೆ.