ಕಾಸಲ್‌ಟೌನ್ ಮಾದರಿ: ಮನೆ ಎದ್ದಿತು, ನೆಲ ಬಾಕಿ

ಎರಡನೇ ವಾರ

ಕಾಸಲ್‌ಟೌನ್ ಬಂಗಲೆಯ ರಟ್ಟಿನ ಮಾದರಿ ಮಾಡುತ್ತಿದ್ದೇನೆ, ಮುಂಭಾಗ ಮುಗಿಯಿತು. ಮೂರು ಅಂತಸ್ತು, ಅಡ್ಡಕ್ಕೆ ಹದಿಮೂರು ಸಾಲು, ಕೆಳಗೆ ನಡುವೆ ಬಾಗಿಲು. ಒಟ್ಟು 38 ಕಿಟಕಿ. ಎಲ್ಲವನ್ನೂ ಮೌಂಟ್ ಬೋರ್ಡಿನಲ್ಲಿ (ದಪ್ಪ ರಟ್ಟು) ಕಟ್ಟರ್ ಹಿಡಿದು ಕೊರೆದೆ. ಹನ್ನೊಂದನೆಯದಕ್ಕೆ ಬೆರಳೂ ಕೊಯ್ದುಹೋಯಿತು. ಅಳತೆ 200ಕ್ಕೆ 1.

ಇದು ಐರ್ಲೆಂಡಿನ ಕಿಲ್ಡೇರ್ ಕೌಂಟಿಯಲ್ಲಿ, ಸೆಲ್‌ಬ್ರಿಜ್ ಊರಿನ ಪಕ್ಕ ಇರುವ ಬಂಗಲೆ. 1722ರಲ್ಲಿ ಕಟ್ಟಲು ಶುರು ಮಾಡಿದವನು ವಿಲಿಯಂ ಕಾನಲಿ, ಡಬ್ಲಿನ್ ಪಾರ್ಲಿಮೆಂಟಿನ ಸ್ಪೀಕರ್. ಇಂಗ್ಲೆಂಡಿನಿಂದ ಬಂದ ಯಾವುದೋ ದೊರೆಮನೆತನದವನು ಅಂದುಕೊಂಡಿದ್ದೆ. ಅಲ್ಲ. ಡೊನೆಗಾಲ್ ಕಡೆಯವನು, ಸಾಧಾರಣ ಮನೆಯಲ್ಲಿ ಹುಟ್ಟಿದ ವಕೀಲ. 1689ರಿಂದ 1691ರವರೆಗಿನ ಯುದ್ಧದಲ್ಲಿ ಕ್ಯಾಥಲಿಕ್ ದೊರೆ ಜೇಮ್ಸ್‌ನ ಕಡೆ ನಿಂತು ಸೋತವರ ಜಮೀನು ಜಪ್ತಿಯಾಯಿತಲ್ಲ, ಅದರ ವ್ಯವಹಾರದಲ್ಲೇ ದುಡ್ಡು ಮಾಡಿದ. 1729ರಲ್ಲಿ ತೀರಿಕೊಂಡ, ಒಳಗಿನ ಕೆಲಸ ಮುಗಿಯುವ ಮೊದಲೇ. ಹಾಗಾಗಿ ನಾನು ಒಳಗೆ ಏನೂ ಮಾಡಿಲ್ಲ. ಒಳ್ಳೆ ನೆಪ, ಅಲ್ವಾ?

ನಾಲ್ಕನೇ ವಾರ

ತಳದ ಹಲಗೆಗೆ ಸುಮ್ನೆ ಹಸಿರು ಬಳಿಯೋಣ ಅಂತಿತ್ತು. ಆದರೆ ಈ ಮನೆ ನಿಂತಿರುವುದೇ ಆ ನೆಲದ ಕಥೆಯ ಮೇಲೆ. ಹಲಗೆಯನ್ನು ಇಡೀ ಐರ್ಲೆಂಡಿನ ಜಮೀನು ಅಂದುಕೊಂಡು ನೂರು ಚೌಕ ಮಾಡಿದೆ. ಕ್ಯಾಥಲಿಕರ ಜಮೀನು ಹಸಿರು, ಉಳಿದದ್ದು ಕಂದು. 1641ರಲ್ಲಿ ಹಸಿರು ಸುಮಾರು 59. 1688ಕ್ಕೆ 22. 1703ಕ್ಕೆ 14. ಜನರಲ್ಲಿ ಮುಕ್ಕಾಲು ಪಾಲು ಕ್ಯಾಥಲಿಕರೇ, ನೆನಪಿರಲಿ. ಪ್ರತಿ ಸಲ ಚೌಕ ಕಿತ್ತು ಕಂದು ಅಂಟಿಸುತ್ತಾ ಎರಡು ಸಂಜೆ ಕಳೆದವು.

ಯುದ್ಧ ಮುಗಿದ ಮೇಲೂ ಹಸಿರು ಯಾಕೆ ಕರಗುತ್ತಾ ಹೋಯಿತು? ಅದಕ್ಕೆ 1704ರ ಕಾನೂನು. ಕ್ಯಾಥಲಿಕರು ಜಮೀನು ಕೊಳ್ಳುವಂತಿಲ್ಲ. ಗುತ್ತಿಗೆ 31 ವರ್ಷ ಮೀರುವಂತಿಲ್ಲ. ಅಪ್ಪ ಸತ್ತರೆ ಆಸ್ತಿ ಗಂಡುಮಕ್ಕಳಿಗೆಲ್ಲ ಸಮಪಾಲು. ಕೇಳಲು ನ್ಯಾಯವಾಗಿಯೇ ಇದೆ. ಆದರೆ ಹಿರಿಮಗ ಸರ್ಕಾರಿ ಚರ್ಚಿಗೆ, ಅಂದರೆ ಸರ್ಕಾರ ಒಪ್ಪಿದ ಪ್ರಾಟೆಸ್ಟೆಂಟ್ ಪಂಥಕ್ಕೆ, ಸೇರಿದರೆ ಪೂರ್ತಿ ಅವನಿಗೇ! ಒಂದೋ ಜಮೀನು ಚೂರುಚೂರು, ಇಲ್ಲವೇ ಮನೆ ಮಗನೇ ಆಚೆ ಬದಿ. ಕತ್ತಿ ಎತ್ತದೆ ಆಸ್ತಿ ಕರಗಿಸುವ ಜಾಣತನ ಇದು. ಓದಿ ಮೈ ಉರಿಯಿತು.

1728ರಲ್ಲಿ ಕ್ಯಾಥಲಿಕರ ಮತದಾನದ ಹಕ್ಕೂ ಹೋಯಿತು. ಪ್ರಾಟೆಸ್ಟೆಂಟ್ ಆದವರೆಲ್ಲ ಆಳುವವರಾಗಿರಲಿಲ್ಲ ಅನ್ನುವುದನ್ನೂ ಹೇಳಬೇಕು. ಉತ್ತರದ ಅಲ್ಸ್ಟರ್ ಪ್ರಾಂತ್ಯದ ಪ್ರೆಸ್ಬಿಟೇರಿಯನ್ನರನ್ನೂ (ಸರ್ಕಾರಿ ಚರ್ಚಿಗೆ ಸೇರದ ಇನ್ನೊಂದು ಪ್ರಾಟೆಸ್ಟೆಂಟ್ ಪಂಥ) ಸರ್ಕಾರಿ ಹುದ್ದೆಗಳಿಂದ ದೂರ ಇಟ್ಟಿದ್ದರು. ಅಧಿಕಾರ ಇದ್ದದ್ದು ಸರ್ಕಾರಿ ಚರ್ಚಿನ ಜಮೀನುದಾರರ ಕೈಯಲ್ಲಿ. ಅವರ ಪಾರ್ಲಿಮೆಂಟನ್ನು 1800ರಲ್ಲಿ ಅದರ ಸದಸ್ಯರ ಮತದಿಂದಲೇ ಮುಚ್ಚಿಸಿದಾಗ ಡಬ್ಲಿನ್‌ನಲ್ಲಿ ವೈಸ್‌ರಾಯ್ ಆಗಿದ್ದವನು ಯಾರು ಗೊತ್ತಾ? ಕಾರ್ನ್‌ವಾಲಿಸ್. 1792ರಲ್ಲಿ ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಇಬ್ಬರು ಮಕ್ಕಳನ್ನು ಒತ್ತೆ ಇಟ್ಟುಕೊಂಡವನೇ.

ಆರನೇ ವಾರ

ಪಕ್ಕದ ಕಂಬಸಾಲು ಬಾಗಿದ್ದರಿಂದ ಮೌಂಟ್ ಬೋರ್ಡ್ ಕೈಕೊಟ್ಟಿತು. ಮದುವೆ ಪತ್ರಿಕೆಯ ತೆಳು ರಟ್ಟು ಒದ್ದೆ ಮಾಡಿ ಡಬ್ಬದ ಸುತ್ತ ಕಟ್ಟಿ ಒಣಗಿಸಿದೆ. ಸರಿಹೋಯಿತು.

ಈಗ ಗೋಪುರ. 1740ರ ಭೀಕರ ಚಳಿಯಲ್ಲಿ ಆಲೂಗಡ್ಡೆ ಮಣ್ಣಿನಲ್ಲೇ ಹಾಳಾಗಿ ಜನ ಹಸಿವಿನಿಂದ ಸತ್ತರು. ಕಾನಲಿಯ ವಿಧವೆ ಕ್ಯಾಥರೀನ್ ಬಡವರಿಗೆ ಕೂಲಿ ಸಿಗಲಿ ಅಂತ ಇದನ್ನು ಕಟ್ಟಿಸಿದಳು. ಕಮಾನಿನ ಮೇಲೆ ಕಮಾನು, ಮೇಲೊಂದು ಚೂಪು ಸ್ತಂಭ, 140 ಅಡಿ. ಅಲಂಕಾರಕ್ಕೆ ಕಲ್ಲಿನ ಅನಾನಸ್ ಬೇರೆ! ನಮ್ಮ ಕಡೆ ಬರಗಾಲದಲ್ಲಿ ಕೆರೆ ತೋಡಿಸುತ್ತಾರೆ. ಆಕೆಯ ಉದ್ದೇಶ ಒಳ್ಳೆಯದೇ, ಆದರೆ ಹೊಟ್ಟೆಗಿಲ್ಲದವರ ಕೈಯಲ್ಲಿ ಅನಾನಸ್ ಕೆತ್ತಿಸಿದ್ದು ನನಗೆ ಜೀರ್ಣವಾಗಿಲ್ಲ.

ನನ್ನ ಅಳತೆಯಲ್ಲಿ ಇದು 21 ಸೆಂಟಿಮೀಟರ್. ಕಮಾನು ಎರಡು ಸಲ ಕುಸಿಯಿತು, ಮೂರನೇ ಸಲ ಐಸ್‌ಕ್ರೀಮ್ ಕಡ್ಡಿ ಒಳಗಿಟ್ಟು ನಿಲ್ಲಿಸಿದೆ. ಇಡುವುದೆಲ್ಲಿ ಅನ್ನುವುದೇ ಪ್ರಶ್ನೆ. ಬಂಗಲೆಯಿಂದ ಗೋಪುರಕ್ಕೆ ಸುಮಾರು ಮೂರು ಕಿಲೋಮೀಟರ್. ಲೆಕ್ಕ ಹಾಕಿದರೆ ನನ್ನ ಮೇಜಿನಿಂದ ಹದಿನೈದು ಮೀಟರ್, ಅಂದರೆ ಪಕ್ಕದ ಮನೆಯವರ ಕಾಂಪೌಂಡಿನೊಳಗೆ. ತಮಾಷೆ ಏನೆಂದರೆ ಕ್ಯಾಥರೀನ್ ಕಟ್ಟಿಸಿದ್ದೂ ಪಕ್ಕದ ಕಾರ್ಟನ್ ಎಸ್ಟೇಟಿನವರ ಜಾಗದಲ್ಲೇ. ಭಾನುವಾರ ಆಂಟಿಯನ್ನು ಕೇಳಿ ನೋಡುತ್ತೇನೆ, ತುಳಸಿಕಟ್ಟೆ ಪಕ್ಕ ಒಂದು ಫೋಟೋ ತೆಗೆಯುವಷ್ಟು ಹೊತ್ತು ಸಾಕು.