ತಲೆಯ ಮೇಲೆ ಪಟ್ಟೆಯಿಲ್ಲದ ಹೆಬ್ಬಾತು

ಡಿಸೆಂಬರ್ ಬಂತೆಂದರೆ ಗದಗ ಜಿಲ್ಲೆಯ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗೆ ಹೋಗಿ ಬಂದ ಪಕ್ಷಿ ವೀಕ್ಷಕರ ಚಿತ್ರಗಳು, ಟಿಪ್ಪಣಿಗಳು ಒಂದರ ಹಿಂದೊಂದು ಬರತೊಡಗುತ್ತವೆ. ಮಳೆನೀರನ್ನು ಹಿಡಿದಿಟ್ಟು ಹೊಲಗಳಿಗೆ ಹರಿಸಲೆಂದು ಕಟ್ಟಿದ ಈ ಕೆರೆ, ಪಟ್ಟೆತಲೆ ಹೆಬ್ಬಾತುಗಳು ದಕ್ಷಿಣ ಭಾರತದಲ್ಲಿ ಚಳಿಗಾಲ ಕಳೆಯುವ ದೊಡ್ಡ ತಾಣಗಳಲ್ಲೊಂದು. 2024ರಲ್ಲಿ ಅಂಕಸಮುದ್ರ ಮತ್ತು ಅಘನಾಶಿನಿ ಅಳಿವೆಯ ಜೊತೆಗೆ ಇದಕ್ಕೂ ರಾಮ್ಸರ್ ಮಾನ್ಯತೆ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶವೆಂಬ ಮನ್ನಣೆ, ದೊರೆಯಿತು. ಮಂಗೋಲಿಯಾ, ಟಿಬೆಟ್, ಲಡಾಖ್‌ಗಳ ಎತ್ತರದ ಸರೋವರಗಳ ಬಳಿ ಮರಿ ಮಾಡಿ ಹಿಮಾಲಯವನ್ನು ದಾಟಿ ಬರುವ ಈ ಹಕ್ಕಿಗಳು ರಾತ್ರಿ ಹೊಲಗಳಲ್ಲಿ ಮೇಯ್ದು, ಹಗಲು ಕೆರೆಯ ನೀರಿನಲ್ಲಿ ವಿಶ್ರಮಿಸುತ್ತವೆ. ಹಿಂಡನ್ನು ಸಾವಧಾನವಾಗಿ ನೋಡಲು ಸಾಧ್ಯವಾಗುವುದು ಆಗಲೇ.

ಅಷ್ಟು ದೊಡ್ಡ ಹಿಂಡಿನಲ್ಲಿ ತಲೆಯ ಮೇಲೆ ಪಟ್ಟೆಯೇ ಇಲ್ಲದ ಹಕ್ಕಿಯೊಂದು ಕಂಡರೆ, ಕರ್ನಾಟಕದಲ್ಲಿ ಬಲು ಅಪರೂಪವಾದ ಬೂದು ಹೆಬ್ಬಾತು ಬಂದಿದೆಯೆಂಬ ಸುದ್ದಿ ಹಬ್ಬುವುದು ಸಹಜ. ಆದರೆ ಪಟ್ಟೆತಲೆ ಹೆಬ್ಬಾತಿನ ಎಳೆಯ ಹಕ್ಕಿಗಳಿಗೂ ಮೊದಲ ಚಳಿಗಾಲದಲ್ಲಿ ಆ ಎರಡು ಕಪ್ಪು ಪಟ್ಟೆಗಳು ಸ್ಪಷ್ಟವಾಗಿರುವುದಿಲ್ಲ; ನೆತ್ತಿಯಿಂದ ಕತ್ತಿನ ಹಿಂಭಾಗದವರೆಗೆ ಒಂದೇ ಸಮನೆ ಕಂದುಬೂದು ಬಣ್ಣವಿದ್ದು, ಮುಖ ಮಾತ್ರ ಬೆಳ್ಳಗಿರುತ್ತದೆ. ಬೂದು ಹೆಬ್ಬಾತಿನ ಮುಖದಲ್ಲಿ ಈ ಬಿಳುಪಿಲ್ಲ. ಅದರ ಮೈ ಹೆಚ್ಚು ದಪ್ಪ, ಕಾಲು ಮಾಸಲು ಗುಲಾಬಿ, ಕತ್ತಿನ ಗರಿಗಳಲ್ಲಿ ಉದ್ದುದ್ದ ಗೀರುಗಳು. ಆದ್ದರಿಂದ "ಅಪರೂಪದ ಹೆಬ್ಬಾತು ಕಂಡಿತು" ಎಂಬ ಒಂದು ಸಾಲಿಗಿಂತ, ಮುಖ ಹೇಗಿತ್ತು, ಕಾಲಿನ ಬಣ್ಣ ಯಾವುದು, ಬೆಳಕು ಯಾವ ಕಡೆಯಿಂದ ಬೀಳುತ್ತಿತ್ತು ಎಂದು ಬರೆದ ನಾಲ್ಕು ಸಾಲುಗಳಿಗೆ ನಾನು ಎಷ್ಟೋ ಪಟ್ಟು ಹೆಚ್ಚು ಬೆಲೆ ಕೊಡುತ್ತೇನೆ. ಮಸುಕಾದ ಚಿತ್ರವಾದರೂ ಸರಿ, ಅದನ್ನು ಅಳಿಸದೆ ಜೊತೆಗಿಡಬೇಕು.

ಕೆಲವು ಹೆಬ್ಬಾತುಗಳ ಕೊರಳಲ್ಲಿ ಅಕ್ಷರ, ಅಂಕಿಗಳಿರುವ ಪಟ್ಟಿಯಿರುತ್ತದೆ. ಬೇಸಿಗೆಯಲ್ಲಿ ಹಳೆಯ ರೆಕ್ಕೆಗರಿಗಳು ಉದುರಿ ಹಕ್ಕಿಗಳು ಹಾರಲಾರದೆ ಇರುವ ದಿನಗಳಲ್ಲಿ ಸಂಶೋಧಕರು ಅವುಗಳನ್ನು ಹಿಡಿದು ಪಟ್ಟಿ ತೊಡಿಸಿ ಬಿಡುತ್ತಾರೆ. ಮಂಗೋಲಿಯಾದಲ್ಲಿ ಹೀಗೆ ಗುರುತು ಮಾಡಿದ ಹೆಬ್ಬಾತುಗಳು ನಮ್ಮ ರಾಜ್ಯದ ಕೆರೆಗಳಲ್ಲಿ ಕಾಣಿಸಿಕೊಂಡಿವೆ. ದೂರದರ್ಶಕದಲ್ಲಿ ಆ ಪುಟ್ಟ ಸಂಕೇತವನ್ನು ಸರಿಯಾಗಿ ಓದಿ ದಿನಾಂಕ ಮತ್ತು ಸ್ಥಳದೊಂದಿಗೆ ತಿಳಿಸಿದರೆ, ಗುರುತು ಹಾಕಿದವರಿಗೆ ಆ ಒಂದು ಹಕ್ಕಿಯ ಚಳಿಗಾಲದ ನೆಲೆ ಗೊತ್ತಾಗುತ್ತದೆ. ಮರುವರ್ಷ ಅದೇ ಹಕ್ಕಿ ಮೈಸೂರು ಜಿಲ್ಲೆಯ ಹದಿನಾರು ಕೆರೆಯಲ್ಲಿ ಇನ್ನೊಬ್ಬರ ಕಣ್ಣಿಗೆ ಬಿದ್ದರೆ, ಅದು ಪ್ರತಿ ವರ್ಷ ಒಂದೇ ಕೆರೆಗೆ ಬರುತ್ತದೆಯೇ ಎಂಬ ಪ್ರಶ್ನೆಗೂ ಉತ್ತರದ ಎಳೆ ಸಿಗುತ್ತದೆ. ಇಂಥ ಮಾಹಿತಿಯನ್ನು ಯಾರೂ ತಮ್ಮಲ್ಲೇ ಇಟ್ಟುಕೊಳ್ಳಬಾರದೆಂಬುದು ನನ್ನ ಬಲವಾದ ಅಭಿಪ್ರಾಯ. ಪಟ್ಟಿಯ ಬಣ್ಣ, ಅದರ ಮೇಲಿನ ಬರಹದ ಬಣ್ಣ ಎರಡನ್ನೂ ಬರೆಯಬೇಕು. ಒಂದು ಅಕ್ಷರ ಓದಲಾಗದಿದ್ದರೆ ಊಹಿಸದೆ ಆ ಜಾಗವನ್ನು ಖಾಲಿ ಬಿಡಬೇಕು.

ಗೂಬೆಗಳ ವಿಷಯ ಬೇರೆ. ಚಳಿಗಾಲಕ್ಕೆ ನಮ್ಮ ಹುಲ್ಲುಗಾವಲುಗಳಿಗೆ ಬರುವ ಗಿಡ್ಡಕಿವಿಯ ಗೂಬೆ ಹಗಲಿನಲ್ಲಿ ನೆಲದ ಮೇಲೆ, ಹುಲ್ಲಿನ ಮರೆಯಲ್ಲಿ ಕೂತಿರುತ್ತದೆ. ಜಾಗದ ಗುರುತು ಹಂಚಿದ ಕೂಡಲೇ ವಾಹನಗಳು ಹುಲ್ಲಿನೊಳಗೆ ನುಗ್ಗುತ್ತವೆ, ಒಳ್ಳೆಯ ಚಿತ್ರಕ್ಕಾಗಿ ಹಕ್ಕಿಯನ್ನು ಪದೇ ಪದೇ ಎಬ್ಬಿಸಲಾಗುತ್ತದೆ, ಹಾರಿದ ಗೂಬೆಯ ಬೆನ್ನಿಗೆ ಕಾಗೆಗಳು ಬೀಳುತ್ತವೆ. ಸಂಜೆ ಹುಲ್ಲಿಗಿಳಿದು ಒಟ್ಟಾಗಿ ತಂಗುವ ಸೆಳೆವಗಳೆಂಬ ಬೇಟೆಹಕ್ಕಿಗಳಿಗೂ ಇದೇ ಅಪಾಯವಿದೆ. ಇವು ಕಂಡಾಗ ನಾನು ದಿನಾಂಕ, ಸಂಖ್ಯೆ, ನಡವಳಿಕೆಗಳನ್ನು ಪೂರ್ತಿಯಾಗಿ ದಾಖಲಿಸಿಕೊಳ್ಳುತ್ತೇನೆ. ಆದರೆ ಹೊರಗೆ ಹೇಳುವುದು ಜಿಲ್ಲೆಯ ಹೆಸರನ್ನು ಮಾತ್ರ, ಅದೂ ಹಕ್ಕಿಗಳು ಉತ್ತರಕ್ಕೆ ಮರಳಿದ ಮೇಲೆ. ಕೇಳಿದ ಗೆಳೆಯರಲ್ಲಿ ಕೆಲವರಿಗೆ ಇದರಿಂದ ಬೇಸರವಾಗಿದೆ. ಆದರೂ ಈ ವಿಷಯದಲ್ಲಿ ನಾನು ಸಡಿಲ ಬಿಡಲಾರೆ.